ಡಯಾಲಿಸಿಸ್ ಆದ ಮೇಲೆ ಸುಸ್ತು: ಹೊತ್ತು ನೋಡಿ ಕಾರಣ ಹುಡುಕುವ ಬಗೆ

"ಭಾಳ ಸುಸ್ತ್ ಆಗ್ಯಾದ್ರಿ." ಕಲಬುರಗಿಯ ಡಯಾಲಿಸಿಸ್ ವಾರ್ಡಿನಲ್ಲಿ ಟೆಕ್ನಿಷಿಯನ್ ಆಗಿರುವ ನನ್ನ ಕಿವಿಗೆ ಈ ಮಾತು ದಿನಕ್ಕೆ ಹತ್ತು ಸಲವಾದರೂ ಬೀಳುತ್ತದೆ. ಮಷೀನಿನಲ್ಲಿ ಅಲಾರಂ ಹೊಡೆದರೆ ಪರದೆಯ ಮೇಲೆ ಕಾರಣ ಮೂಡುತ್ತದೆ. ವೀನಸ್ ಪ್ರೆಶರ್ (ರಕ್ತ ಮೈಗೆ ಮರಳುವ ಕೊಳವೆಯ ಒತ್ತಡ) ಹೆಚ್ಚಾಗಿದೆ, ಗಾಳಿ ಸೇರಿದೆ, ಕಂಡಕ್ಟಿವಿಟಿ (ದ್ರಾವಣದ ಲವಣದ ಅಳತೆ) ಇಳಿದಿದೆ ಎಂದು ಅದೇ ಹೇಳುತ್ತದೆ. ಮನುಷ್ಯನ ಸುಸ್ತಿಗೆ ಅಂಥ ಪರದೆಯಿಲ್ಲ. ಹಾಗಾಗಿ "ಡಯಾಲಿಸಿಸ್ ಅಂದ ಮ್ಯಾಲ ಸುಸ್ತ್ ಇದ್ದದ್ದೇ" ಎಂದು ನಾವು ಮುಂದಿನ ಹಾಸಿಗೆಗೆ ಹೋಗಿಬಿಡುತ್ತೇವೆ. ರೋಗಿಯೂ ಅದನ್ನೇ ನಂಬಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಹಾಗೆ ಆಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ದಣಿವು ಹೆಚ್ಚಿನವರಿಗೆ ಆಗುತ್ತದೆ, ಸುಳ್ಳಲ್ಲ. ಆದರೆ ಮನೆಗೆ ಹೋಗಿ ಮಲಗಿದವರು ಮರುದಿನ ಮಧ್ಯಾಹ್ನದವರೆಗೂ ಏಳಲಾರದಂತಾದರೆ ಅದಕ್ಕೊಂದು ಕಾರಣ ಇರುತ್ತದೆ. ಬಹಳ ಸಲ ಅದು ಸರಿಪಡಿಸಲು ಬರುವ ಕಾರಣ.

ಹುಡುಕುವುದು ಎಲ್ಲಿಂದ? "ಎಷ್ಟು ಸುಸ್ತು" ಎಂದು ಕೇಳಿದರೆ ಉತ್ತರದಲ್ಲಿ ಏನೂ ಸಿಗುವುದಿಲ್ಲ. "ಯಾವ ಹೊತ್ತಿಗೆ ಬರುತ್ತದೆ, ಎಷ್ಟು ತಾಸಿಗೆ ಹೋಗುತ್ತದೆ" ಎಂದು ಕೇಳಬೇಕು. ಮಷೀನಿನ ಮೇಲಿದ್ದಾಗಲೇ ಶುರುವಾಗುವ ಸುಸ್ತು ಬೇರೆ, ಸಂಜೆಯದು ಬೇರೆ, ಮರುದಿನವೂ ಬಿಡದ್ದು ಬೇರೆ, ಮುಂದಿನ ಡಯಾಲಿಸಿಸ್‌ಗೆ ಒಂದು ದಿನ ಇರುವಾಗ ಬರುವುದು ಮತ್ತೂ ಬೇರೆ. ಕಿಡ್ನಿ ಡಾಕ್ಟರುಗಳು ಕೂಡ "ಡಯಾಲಿಸಿಸ್ ಆದ ಮೇಲೆ ಎಷ್ಟು ಹೊತ್ತಿಗೆ ಮೊದಲಿನಂತಾಗುತ್ತೀರಿ?" ಎಂಬ ಒಂದೇ ಪ್ರಶ್ನೆಯನ್ನು ಅಳತೆಗೋಲಿನಂತೆ ಬಳಸುತ್ತಾರೆ. ಉತ್ತರ 12 ತಾಸು ದಾಟಿದರೆ ಡಾಕ್ಟರಿಗೆ ಹೇಳಲೇಬೇಕು. ಅಷ್ಟು ತಡವಾಗಿ ಚೇತರಿಸಿಕೊಳ್ಳುವವರು ಆಸ್ಪತ್ರೆ ಸೇರುವುದು ಹೆಚ್ಚು ಎಂದು ಹಲವು ದೇಶಗಳ ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಕಂಡುಬಂದಿದೆ.

ಕಾರಣ ಹುಡುಕುತ್ತ ಕೂರಬಾರದ ಹೊತ್ತು

ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಈ ಬರಹವನ್ನು ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ. ಕುತ್ತಿಗೆಯಲ್ಲಿ ಡಯಾಲಿಸಿಸ್ ಕೊಳವೆ (ಕ್ಯಾಥೆಟರ್) ಇದ್ದವರಿಗೆ ಚಳಿ ನಡುಗಿ ಜ್ವರ ಬಂದರೆ ಅದು ರಕ್ತಕ್ಕೆ ಸೋಂಕು ತಗುಲಿದ್ದರ ಗುರುತಾಗಿರಬಹುದು. ಪ್ಯಾರಾಸಿಟಮಾಲ್ ಕೊಟ್ಟು ರಾತ್ರಿ ಕಳೆಯಬೇಡಿ. ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಕೈಯಲ್ಲಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳದಿಂದ ಸೂಜಿ ತೆಗೆದ ಜಾಗವನ್ನು 20 ನಿಮಿಷ ಬಿಡದೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಇಲ್ಲವೆ ಫಿಸ್ಟುಲಾ ಮೇಲೆ ಬೆರಳಿಟ್ಟಾಗ ಎಂದಿನ ಝುಮುಝುಮು ಸಿಗದಿದ್ದರೆ ಆಗಲೇ ಹೊರಡಿ.

ಇನ್ನೊಂದು ಇದೆ, ಅದು ನೋಡಲು ಬರೀ ಸುಸ್ತಿನಂತೆಯೇ ಇರುತ್ತದೆ. ಡಯಾಲಿಸಿಸ್ ತಪ್ಪಿಸಿದ್ದಾರೆ, ಕಾಲು ಕಟ್ಟಿಗೆಯಂತೆ ಭಾರವಾಗಿವೆ, ಎದೆ ಬಡಿತ ತಾಳ ತಪ್ಪಿದೆ ಎಂದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿರಬಹುದು. ಅದು ಹೃದಯವನ್ನೇ ನಿಲ್ಲಿಸಬಲ್ಲದು. ನಾಳೆ ಹೇಗೂ ಪಾಳಿ ಇದೆಯಲ್ಲ ಎಂದು ಕಾಯಬೇಡಿ.

ಮಷೀನಿನ ಮೇಲೆ, ಇಲ್ಲವೆ ಎದ್ದ ಕೂಡಲೇ

ಮೂರನೇ ತಾಸಿನ ಹೊತ್ತಿಗೆ ಆಕಳಿಕೆ, ಬೆವರು, ವಾಕರಿಕೆ, ಮೀನಖಂಡ ಸೆಳೆತ. ಎದ್ದು ನಿಂತರೆ ಕಣ್ಣು ಕತ್ತಲೆ. ಈ ಹೊತ್ತಿನ ಸುಸ್ತಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಬೇಗ ತೆಗೆದಿದ್ದೇವೆ, ಇಲ್ಲವೆ ಹೆಚ್ಚು ತೆಗೆದಿದ್ದೇವೆ.

ನಮ್ಮ ಕಡೆಯ ರೈತರಿಗೆ ಇದನ್ನು ಬಾವಿಯ ಮಾತಿನಲ್ಲಿ ಹೇಳಿದರೆ ಕೂಡಲೇ ತಿಳಿಯುತ್ತದೆ. ಮಷೀನು ನೀರೆಳೆಯುವುದು ರಕ್ತದಿಂದ ಮಾತ್ರ. ಕಾಲು, ಹೊಟ್ಟೆ, ಮಾಂಸಖಂಡಗಳಲ್ಲಿ ನಿಂತ ನೀರು ಒರತೆಯ ಹಾಗೆ ನಿಧಾನಕ್ಕೆ ರಕ್ತಕ್ಕೆ ಬಂದು ಸೇರಬೇಕು. ಒರತೆಗಿಂತ ಮೋಟಾರು ಜೋರಾದರೆ ಬಾವಿ ಬತ್ತುತ್ತದೆ. ಬಿಪಿ ಬೀಳುವುದೆಂದರೆ ಅದೇ. ಆ ಹೊತ್ತಿನಲ್ಲಿ ಹೃದಯಕ್ಕೂ ಮೆದುಳಿಗೂ ರಕ್ತ ಸಾಲದೆ ಹೋಗುವುದರಿಂದ ಮನೆಗೆ ಹೋದ ಮೇಲೂ ಸುಸ್ತು ಬೆನ್ನು ಬಿಡುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ತಾಸಿಗೆ, ಒಂದು ಕೆಜಿ ತೂಕಕ್ಕೆ 13 ಮಿಲಿಲೀಟರ್ ದಾಟದಂತೆ ನೀರು ತೆಗೆಯುವುದು ಒಳ್ಳೆಯದು, 10ರ ಒಳಗಿದ್ದರೆ ಇನ್ನೂ ಮೇಲು. 50 ಕೆಜಿಯವರಿಗೆ 4 ತಾಸಿನಲ್ಲಿ 13ರ ಲೆಕ್ಕ ಹಿಡಿದರೆ 2.6 ಲೀಟರ್ ಆಯಿತು. ಅದೇ ಮನುಷ್ಯ ಮೂರೂವರೆ ಲೀಟರ್ ಹೊತ್ತು ಬಂದರೆ ಲೆಕ್ಕ 17.5ಕ್ಕೆ ಏರುತ್ತದೆ. ಅವರಿಗೆ ಸುಸ್ತಾಗದಿದ್ದರೇ ಆಶ್ಚರ್ಯ. ಇಂಥ ದಿನ ಎಲ್ಲವನ್ನೂ ಒಮ್ಮೆಗೇ ಎಳೆಯುವುದಕ್ಕಿಂತ ಅರ್ಧ ತಾಸೋ ಒಂದು ತಾಸೋ ಹೆಚ್ಚು ಕೂರುವುದು, ಇಲ್ಲವೆ ಉಳಿದದ್ದಕ್ಕೆ ಮತ್ತೊಂದು ದಿನ ಬರುವುದು ಒಳ್ಳೆಯದು. ಡಾಕ್ಟರನ್ನು ಕೇಳಿ, ಹಾಸಿಗೆ ಖಾಲಿಯಿದ್ದರೆ ಆಗುತ್ತದೆ.

ಇನ್ನು ಡ್ರೈ ವೇಟ್. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ಇರಬೇಕಾದ ತೂಕಕ್ಕೆ ಹಾಗನ್ನುತ್ತಾರೆ. ಇದೇ ತಪ್ಪಿದ್ದರೆ ಮೇಲಿನ ಲೆಕ್ಕವೆಲ್ಲ ತಪ್ಪು. ಜೇವರ್ಗಿ ಕಡೆಯಿಂದ ಬರುವ ಕಾಕಾ ಒಬ್ಬರ ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. ಅವರ ಡ್ರೈ ವೇಟ್ 52 ಕೆಜಿ. ದೀಪಾವಳಿಯ ತನಕ ಚೆನ್ನಾಗಿದ್ದವರು ಚಳಿಗಾಲ ಹಿಡಿಯುತ್ತಲೇ ಕುಗ್ಗಿಹೋದರು. ಕೊನೆಯ ತಾಸಿನಲ್ಲಿ ಕಾಲು ಸೆಳೆತ, ಗಂಟಲು ಒಣಗಿ ದನಿಯೇ ಕುಂದುವುದು. "ಮರದಿನ ಮಧ್ಯಾಹ್ನ ತನಕ ಎದ್ದೇ ಇಲ್ರಿ, ಮಗಾ ನೀರ್ ತಂದ್ ಕೊಟ್ಟರ ಕುಡದೀನಿ" ಅಂದರು. ರಿಜಿಸ್ಟರ್ ನೋಡಿದರೆ ಎಲ್ಲ ಸರಿಯಾಗಿದೆ. ಬಂದಾಗ 54.5, ತೆಗೆದದ್ದು 2.5 ಲೀಟರ್, ಹೋಗುವಾಗ 52. ಎರಡು ವಾರ ನಮಗೆ ಏನೂ ತಿಳಿಯಲಿಲ್ಲ. ಒಂದು ದಿನ ಡಯಾಲಿಸಿಸ್ ಮುಗಿದ ಮೇಲೆ ಅವರು ಕಂಬಳಿ, ಸ್ವೆಟರನ್ನು ಹಾಸಿಗೆಯ ಮೇಲೇ ಬಿಟ್ಟು ತೂಕದ ಮಷೀನು ಹತ್ತಿದರು. 50.7 ಬಂತು. ಮುಳ್ಳು ತಪ್ಪಿರಬೇಕೆಂದು ಇಳಿಸಿ ಮತ್ತೆ ಹತ್ತಿಸಿದೆ. ಅಷ್ಟೇ ಬಂತು. ಕಂಬಳಿ, ಸ್ವೆಟರ್ ಎರಡನ್ನೇ ಮಡಚಿ ತೂಕಕ್ಕೆ ಇಟ್ಟೆ. ಒಂದು ಕೆಜಿ 300 ಗ್ರಾಂ. ನಸುಕಿನ ಬಸ್ಸಿಗೆ ಹೊದ್ದುಕೊಂಡು ಬಂದ ಕಂಬಳಿಯಲ್ಲೇ ಅವರು ತೂಕ ಕೊಡುತ್ತಿದ್ದರು, ಡಯಾಲಿಸಿಸ್ ಮುಗಿದು ಚಳಿ ಹತ್ತಿದಾಗ ಅದನ್ನೇ ಹೊದ್ದು ಮತ್ತೆ ತೂಕ ಕೊಡುತ್ತಿದ್ದರು. ಕಂಬಳಿಯ ತೂಕವನ್ನು ನಾವು ಪ್ರತಿ ಸಲ ಅವರ ಮೈಯಿಂದ ನೀರಾಗಿ ಎಳೆದಿದ್ದೆವು. ಆ ಎರಡು ವಾರ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ತೂಕ ಕೊಡುವಾಗ ಚಪ್ಪಲಿ, ರುಮಾಲು, ಕಂಬಳಿ, ಜೇಬಿನ ಮೊಬೈಲ್, ಕೈಯಲ್ಲಿನ ಡಬ್ಬಿ ಎಲ್ಲ ಕೆಳಗಿಡಿ. ಎರಡೂ ಸಲ ಒಂದೇ ತರದ ಬಟ್ಟೆ, ಒಂದೇ ಮಷೀನು.

ಕಂಬಳಿ ಇಲ್ಲದೆಯೂ ಡ್ರೈ ವೇಟ್ ತಪ್ಪುತ್ತದೆ. ಡಯಾಲಿಸಿಸ್ ಸರಿಹೋಗಿ ಬಾಯಿಗೆ ರುಚಿ ಬಂದು ಎರಡು ಹೊತ್ತು ರೊಟ್ಟಿ ಉಣ್ಣಲು ಶುರು ಮಾಡಿದವರಲ್ಲಿ ಮಾಂಸ ಬೆಳೆಯುತ್ತದೆ. ಹಳೆಯ ತೂಕಕ್ಕೇ ಇಳಿಸುತ್ತ ಹೋದರೆ ನೀರಿಲ್ಲದ ಮೈಯಿಂದ ನೀರೆಳೆದಂತೆ. ಕೊನೆಯ ತಾಸಿನ ಸೆಳೆತ, ನಿಂತಾಗ ತಲೆ ತಿರುಗುವುದು, ದನಿ ಕುಂದುವುದು ಇದರ ಗುರುತು. ಜ್ವರ ಬಂದು ಸೊರಗಿದವರಲ್ಲಿ ಉಲ್ಟಾ ಆಗುತ್ತದೆ. ಮಾಂಸ ಕರಗಿದ ಜಾಗದಲ್ಲಿ ನೀರು ತುಂಬಿ ತೂಕ ಅಷ್ಟೇ ತೋರುತ್ತದೆ. ಅವರಿಗೆ ಪಾದ ಬಾವು, ಮಲಗಿದರೆ ದಮ್ಮು, ಡಯಾಲಿಸಿಸ್ ಆದ ಮೇಲೂ ಇಳಿಯದ ಬಿಪಿ. ತಿಂಗಳಿಗೊಮ್ಮೆಯಾದರೂ "ನಮ್ಮ ಡ್ರೈ ವೇಟ್ ಇನ್ನೊಮ್ಮಿ ನೋಡ್ರಿ ಸರ್" ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಬಿಪಿ ಬೀಳಲು ಇನ್ನೂ ಮೂರು ದಾರಿಗಳಿವೆ. ಬೆಳಿಗ್ಗೆಯೇ ಬಿಪಿ ಗುಳಿಗೆ ನುಂಗಿ ಬರುವುದು ಒಂದು. ಅದನ್ನು ಡಯಾಲಿಸಿಸ್ ಆದ ಮೇಲೆ ತಗೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ, ನೀವಾಗಿಯೇ ಬಿಡಬೇಡಿ. ಮಷೀನಿನ ಮೇಲೆ ಹೊಟ್ಟೆ ತುಂಬ ಉಣ್ಣುವುದು ಇನ್ನೊಂದು. ಉಂಡಾಗ ರಕ್ತ ಹೊಟ್ಟೆಯ ಕಡೆಗೆ ಹರಿದು ಬಿಪಿ ಇಳಿಯುತ್ತದೆ. ಬಿಪಿ ಬೀಳುವ ರೂಢಿ ಇದ್ದವರು ಎರಡು ತಾಸು ಮೊದಲೇ ಸ್ವಲ್ಪ ತಿಂದು ಬರಲಿ. ಮೂರನೆಯದು ಡಯಾಲಿಸಿಸ್ ದ್ರಾವಣದ ಬಿಸಿ. 37 ಡಿಗ್ರಿಯ ಬದಲು 36ಕ್ಕೆ, ಕೆಲವರಿಗೆ 35.5ಕ್ಕೆ ಇಳಿಸಿದರೆ ರಕ್ತನಾಳ ಬಿಗಿಯಾಗಿ ಬಿಪಿ ಬೀಳದೆ ನಿಲ್ಲುತ್ತದೆ, ಸುಸ್ತೂ ಕಡಿಮೆಯಾಗುತ್ತದೆ. ಸ್ವಲ್ಪ ಚಳಿ ಅನಿಸುತ್ತದೆ, ಆಗ ಹೊದಿಕೆ ಹೊದೆಯಲಿ. ಇದಕ್ಕೆ ದುಡ್ಡು ಬೇಕಿಲ್ಲ, ಗುಂಡಿ ಒತ್ತಿದರಾಯಿತು. ಡಾಕ್ಟರು ಬರೆದುಕೊಟ್ಟರೆ ನಾವು ಮಾಡುತ್ತೇವೆ.

ಹೆಚ್ಚು ನೀರು ಹೊತ್ತು ಬರುವುದು ಯಾಕೆ? ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. "ನೀರ್ ಕುಡೀಲಾರ್ದೆ ಹ್ಯಾಂಗ್ ಇರ್ಲಿ ಯಪ್ಪಾ" ಅಂದರೆ ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಆದರೆ ನೀರಡಿಕೆ ಹುಟ್ಟುವುದು ಬಿಸಿಲಿಗಿಂತ ಹೆಚ್ಚಾಗಿ ಉಪ್ಪಿನಿಂದ. 8–9 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ ಎಲ್ಲ ಮುಗಿಯಬೇಕು. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಸುಸಲಾ–ಮಿರ್ಚಿ, ಉಪ್ಪು ಮುಂದು ಮಾಡಿದ ಶೇಂಗಾ ಹಿಂಡಿ ಬಿಟ್ಟರೆ ನೀರಡಿಕೆ ಅರ್ಧಕ್ಕೆ ಇಳಿದದ್ದನ್ನು ನಾನೇ ಕಂಡಿದ್ದೇನೆ. ಆದರೆ ಅಂಗಡಿಯ "ಕಡಿಮೆ ಸೋಡಿಯಂ ಉಪ್ಪು" ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಡಯಾಲಿಸಿಸ್ ರೋಗಿಗೆ ಅದು ವಿಷ. ಕುಡಿಯುವ ನೀರಿಗೆ ಸಾಮಾನ್ಯವಾಗಿ ಹೇಳುವ ಅಳತೆ, ದಿನದ ಮೂತ್ರ ಎಷ್ಟೋ ಅಷ್ಟು, ಮೇಲೆ ಅರ್ಧ ಲೀಟರ್. ಚಹಾ, ಮಜ್ಜಿಗೆ, ಅಂಬಲಿ, ಸಾರು ಎಲ್ಲ ಅದರಲ್ಲೇ ಬಂತು. ಮುಂಜಾನೆ ಒಂದೇ ಬಾಟಲಿಯಲ್ಲಿ ಅಳೆದಿಟ್ಟುಕೊಂಡು ಸಣ್ಣ ಲೋಟದಲ್ಲಿ ಕುಡಿಯಿರಿ. ಚರಿಗೆ ಎತ್ತಿ ಕುಡಿದರೆ ಲೆಕ್ಕ ಸಿಗುವುದಿಲ್ಲ.

ಮನೆ ಮುಟ್ಟಿದ ಮೇಲೆ, ಸಂಜೆಗೆ

ಶುಗರ್ ಇದ್ದವರಿಗೆ ಈ ಹೊತ್ತಿನಲ್ಲಿ ಮೊದಲು ಬೆರಳು ಚುಚ್ಚಿ ನೋಡಿ. ಕಿಡ್ನಿ ಕೆಟ್ಟವರ ಮೈಯಲ್ಲಿ ಇನ್ಸುಲಿನ್ ಬೇಗ ಕರಗುವುದಿಲ್ಲ. ಚಿತ್ತಾಪುರ ಕಡೆಯ ಅವ್ವ ಒಬ್ಬರು ಆರು ಗಂಟೆಯ ಬಸ್ಸಿಗೆ ತಡವಾಗುತ್ತದೆಂದು ಇನ್ಸುಲಿನ್ ಚುಚ್ಚಿಕೊಂಡು, ಉಣ್ಣದೆ ಬರುತ್ತಿದ್ದರು. ಮುಗಿಯುವ ಹೊತ್ತಿಗೆ ಬೆವೆತು ಮಂಕಾಗಿ ಕೂರುತ್ತಿದ್ದರು. ಎಲ್ಲರೂ ಬಿಪಿ ಎಂದುಕೊಂಡೆವು. ಶುಗರ್ ನೋಡಿದರೆ 54, ತೀರ ಕಡಿಮೆ. ಡಯಾಲಿಸಿಸ್ ದಿನದ ಇನ್ಸುಲಿನ್ ಅಳತೆಯನ್ನು ಡಾಕ್ಟರು ಬೇರೆಯಾಗಿ ಬರೆದುಕೊಟ್ಟ ಮೇಲೆ ಆ ಮಂಕು ಹೋಯಿತು.

ಹೊಸದಾಗಿ ಡಯಾಲಿಸಿಸ್ ಶುರುವಾದವರಿಗೆ ಮೊದಲ ಕೆಲವು ಸಲ ತಲೆನೋವು, ವಾಂತಿ, ಗೊಂದಲ ಆಗಬಹುದು. ರಕ್ತದಲ್ಲಿನ ಕೊಳೆಯಾದ ಯೂರಿಯಾ ಬೇಗ ಇಳಿದು ಮೆದುಳಿನದು ನಿಧಾನಕ್ಕೆ ಇಳಿಯುವುದು ಕಾರಣ. ಹಾಗಾಗಿಯೇ ಮೊದಮೊದಲು ಎರಡೇ ತಾಸು, ನಿಧಾನಕ್ಕೆ ಮಾಡುವುದು. ಗೊಂದಲ ಹೆಚ್ಚಾದರೆ, ಫಿಟ್ಸ್ ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಪ್ರಯಾಣದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ತಾಸು ಮಲಗಿ ಎದ್ದವರು ಆಟೋದಲ್ಲಿ ಬಸ್‌ಸ್ಟ್ಯಾಂಡ್ ಮುಟ್ಟಿ, ಅಫಜಲಪುರದ ಬಸ್ಸಿನಲ್ಲಿ ಜಾಗ ಸಿಗದೆ ಕಂಬಿ ಹಿಡಿದು ನಿಂತು ಹೋಗುತ್ತಾರೆ. ಎದ್ದ ಮೇಲೆ ಕಾಲು ಗಂಟೆ ಕೂತಿರಲಿ, ನಿಂತಾಗ ಬಿಪಿ ನೋಡಿಸಿಕೊಂಡೇ ಹೊರಡಲಿ. ಜೊತೆಗೆ ಒಬ್ಬರು ಇರಲಿ. ಊರಿನ ತಾಲೂಕು ಆಸ್ಪತ್ರೆಯಲ್ಲೇ ಡಯಾಲಿಸಿಸ್ ಇದ್ದರೆ ಅಲ್ಲಿಗೆ ಪಾಳಿ ಬದಲಿಸಿಕೊಳ್ಳಲು ಆಗುತ್ತದೆಯೇ ಕೇಳಿ. 2016ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ ಇದು ಉಚಿತ. ಹೋಗಿಬರಲು ವಾರಕ್ಕೆ ಆರು ಸಲ ಬಸ್ ಹತ್ತುವ ದಣಿವು ತಪ್ಪಿದರೆ ಅದೂ ಒಂದು ಔಷಧವೇ.

ಮರುದಿನವೂ ಬಿಡದ ಸುಸ್ತು

ಹಿಮೋಗ್ಲೋಬಿನ್ ನೋಡಿ. ಡಯಾಲಿಸಿಸ್ ರೋಗಿಗೆ 10ರಿಂದ 11.5ರವರೆಗೆ ಇದ್ದರೆ ಸಾಕು. ರಕ್ತ ತಯಾರಿಸಲು ಹೇಳುವ ಎರಿಥ್ರೋಪೊಯೆಟಿನ್ ಹಾರ್ಮೋನು ಹುಟ್ಟುವುದು ಕಿಡ್ನಿಯಲ್ಲಿ. ಅದನ್ನೇ ಇಂಜೆಕ್ಷನ್ ಆಗಿ ಕೊಡುತ್ತಾರೆ. ಜೊತೆಗೆ ಕಬ್ಬಿಣಾಂಶ ಬೇಕು, ಇಲ್ಲದಿದ್ದರೆ ಇಂಜೆಕ್ಷನ್ ಎಷ್ಟು ಕೊಟ್ಟರೂ ಕೆಲಸ ಮಾಡುವುದಿಲ್ಲ.

ಆಳಂದ ತಾಲೂಕಿನ ಒಂದು ಹಳ್ಳಿಯ ಅಕ್ಕನಿಗೆ ಎರಡು ತಿಂಗಳಾದರೂ ಹಿಮೋಗ್ಲೋಬಿನ್ 7.8 ಬಿಟ್ಟು ಮೇಲೇಳಲಿಲ್ಲ. ಕಬ್ಬಿಣಾಂಶ ಸರಿಯಿತ್ತು, ಇಂಜೆಕ್ಷನ್ ತಪ್ಪಿಸಿರಲಿಲ್ಲ. ಮನೆಯಲ್ಲಿ ಎಲ್ಲಿ ಇಡ್ತೀರಿ ಅಂದೆ. "ದೇವರ ಜಗಲಿ ಮ್ಯಾಲ ಇಟ್ಟೀನ್ರಿ, ಹುಡುಗ್ರ ಕೈಗಿ ಸಿಗಬಾರ್ದಂತ" ಅಂದರು. ಅದೂ ಏಪ್ರಿಲ್‌ನಲ್ಲಿ, ತಗಡಿನ ಮನೆಯಲ್ಲಿ. ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲೇ ಇಡಬೇಕು. ತಿಂಗಳಿಗಾಗುವಷ್ಟನ್ನು ಒಮ್ಮೆಗೇ ಕೊಂಡು ಬ್ಯಾಗಿನಲ್ಲಿಟ್ಟು ಬಿಸಿಲಲ್ಲಿ ಊರಿಗೆ ಒಯ್ದಿದ್ದರು. ಆ ತಾಯಿ ಅಷ್ಟು ಜೋಪಾನ ಮಾಡಿದ್ದರು, ನಾವು ಯಾರೂ ಒಂದು ಮಾತು ಹೇಳಿರಲಿಲ್ಲ. ಅಲ್ಲಿಂದ ಅವರ ಇಂಜೆಕ್ಷನ್ ನಮ್ಮ ಫ್ರಿಜ್‌ನಲ್ಲೇ ಇರುತ್ತದೆ, ಡಯಾಲಿಸಿಸ್ ದಿನ ಇಲ್ಲೇ ಕೊಡುತ್ತೇವೆ. ಮೂರನೇ ತಿಂಗಳಿಗೆ 9.6 ಆಯಿತು. ಮನೆಗೆ ಒಯ್ಯಲೇಬೇಕಿದ್ದರೆ ತಂಪು ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಒಯ್ಯಿರಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದರೂ ಕೆಡುತ್ತದೆ.

ಹಿಮೋಗ್ಲೋಬಿನ್ ಇಳಿಯುತ್ತಲೇ ಇದ್ದರೆ ಡಯಾಲಿಸಿಸ್ ಮುಗಿದಾಗ ಡಯಲೈಸರ್ (ರಕ್ತ ಸೋಸುವ ಕೊಳವೆ) ಕಡೆ ಒಮ್ಮೆ ಕಣ್ಣು ಹಾಯಿಸಿ. ಒಳಗಿನ ನೂಲುಗಳು ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಅಷ್ಟು ರಕ್ತ ಅಲ್ಲೇ ಹೆಪ್ಪುಗಟ್ಟಿ ಹೋಯಿತೆಂದು ಅರ್ಥ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧದ ಅಳತೆ ನೋಡಲು ನಮಗೆ ಹೇಳಿ. ಮಲ ಕಪ್ಪಾಗಿ ಹೋಗುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಊಟದಲ್ಲಿ ಒಂದು ತಪ್ಪು ನಮ್ಮ ಭಾಗದಲ್ಲಿ ಮನೆಮನೆಗೂ ಇದೆ. ಕಿಡ್ನಿ ಕೆಡುತ್ತಿದ್ದ ಕಾಲದಲ್ಲಿ ಡಾಕ್ಟರು "ಬ್ಯಾಳಿ, ತತ್ತಿ ಕಡಿಮೆ ಮಾಡ್ರಿ" ಅಂದಿರುತ್ತಾರೆ. ಡಯಾಲಿಸಿಸ್ ಶುರುವಾದ ಮೇಲೂ ಮನೆಯವರು ಅದನ್ನೇ ನಡೆಸಿಕೊಂಡು ಬರುತ್ತಾರೆ. ಈಗ ಬೇಕಾದದ್ದು ಅದಕ್ಕೆ ವಿರುದ್ಧ. ಪ್ರತಿ ಡಯಾಲಿಸಿಸ್‌ನಲ್ಲಿ ಕೆಲವು ಗ್ರಾಂ ಪ್ರೋಟೀನಿನ ಅಂಶ ಸೋರಿಹೋಗುತ್ತದೆ, ಹಾಗಾಗಿ ಕೆಜಿಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 50 ಕೆಜಿಯವರಿಗೆ ದಿನಕ್ಕೆ 50–60 ಗ್ರಾಂ. ತತ್ತಿಯ ಬಿಳಿಭಾಗ ಎಲ್ಲಕ್ಕಿಂತ ಅನುಕೂಲ, ಅದರಲ್ಲಿ ರಂಜಕ (ಫಾಸ್ಫರಸ್) ಕಡಿಮೆ. ತತ್ತಿ ತಿನ್ನದವರು ನಮ್ಮ ತೊಗರಿಬೇಳೆಯನ್ನೇ ನೆನೆಹಾಕಿ, ಕುದಿಸಿದ ಮೊದಲ ನೀರು ಬಸಿದು, ಹೊಸ ನೀರಿನಲ್ಲಿ ಬೇಯಿಸಿಕೊಳ್ಳಲಿ. ಎಷ್ಟು ಎಂಬುದನ್ನು ಆಹಾರ ತಜ್ಞರಿಂದ ಬರೆಸಿಕೊಳ್ಳಿ.

ಇವೆಲ್ಲ ಸರಿಯಿದ್ದೂ ಸುಸ್ತಿದ್ದರೆ ಥೈರಾಯ್ಡ್, ಬಿ12, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಪರೀಕ್ಷೆ, ಹೃದಯದ ಎಕೋ ಸ್ಕ್ಯಾನ್ ಒಮ್ಮೆ ಆಗಲಿ. ನಿದ್ದೆಯನ್ನೂ ವಿಚಾರಿಸಿ. ರಾತ್ರಿ ಕಾಲು ಜಾಡಿಸುತ್ತ ಹೊರಳಾಡುವವರು, ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಲ್ಲಿಸುವವರು ಹಗಲು ತೂಗಾಡುತ್ತಾರೆ. ಎರಡಕ್ಕೂ ಚಿಕಿತ್ಸೆ ಇದೆ. ಮತ್ತೆ ಮನಸ್ಸು. ಕಟ್ಟೆಗೆ ಹೋಗುವುದು ಬಿಟ್ಟಿದ್ದಾರೆ, ಮೊಮ್ಮಕ್ಕಳು ಬಂದರೂ ಮುಖ ತಿರುಗಿಸುತ್ತಾರೆ, "ನನ್ನಿಂದ ನಿಮಗ ಖರ್ಚು" ಅನ್ನುತ್ತಾರೆ ಎಂದರೆ ಅದು ಬರೀ ಮೈಯ ಸುಸ್ತಲ್ಲ. ಬೈದು ಎಬ್ಬಿಸಬೇಡಿ. ಇದನ್ನು ಡಾಕ್ಟರಿಗೆ ಹೇಳಿ.

ಮುಂದಿನ ಪಾಳಿಗೆ ಒಂದು ದಿನ ಇರುವಾಗ

ಡಯಾಲಿಸಿಸ್ ಆದ ಮೇಲೆ ಹಗುರ, ಆಮೇಲೆ ದಿನದಿನಕ್ಕೆ ಭಾರ, ಬಾಯಿ ಕಹಿ, ತುರಿಕೆ ಎಂದರೆ ಕೊಳೆ ಪೂರ್ತಿ ಹೋಗುತ್ತಿಲ್ಲ. ಮೊದಲ ಕಾರಣ ಹೊತ್ತು ಕಡಿತ. "ಅರ್ಧ ತಾಸ್ ಮೊದ್ಲೇ ತೆಗೀರಿ, ಬಸ್ ಹೋಗ್ತದ" ಅನ್ನುತ್ತಾರೆ. ತಿಂಗಳಿಗೆ 12 ಸಲ ಅರ್ಧರ್ಧ ತಾಸು ಹೋದರೆ 6 ತಾಸು ಹೋಯಿತು, ಅಂದರೆ ಒಂದೂವರೆ ಡಯಾಲಿಸಿಸ್ ತಪ್ಪಿಸಿದ ಹಾಗೆ. ಎರಡನೆಯದು ಫಿಸ್ಟುಲಾ. ನಾಳ ಸಣ್ಣಗಾಗಿದ್ದರೆ ಶುದ್ಧವಾದ ರಕ್ತವೇ ತಿರುಗಿ ಮಷೀನಿಗೆ ಬರುತ್ತದೆ. ಪಂಪಿನ ವೇಗ ಏರಿಸಲಾಗದೆ ಅಲಾರಂ ಹೊಡೆಯುವುದು, ಸೂಜಿ ತೆಗೆದ ಮೇಲೆ ರಕ್ತ ಬಹಳ ಹೊತ್ತು ಸುರಿಯುವುದು ಇದರ ಗುರುತು, ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಬೇಕು. ಯೂರಿಯಾವನ್ನು ಡಯಾಲಿಸಿಸ್‌ಗೆ ಮೊದಲು ಮತ್ತು ಆದ ಮೇಲೆ ನೋಡಿದರೆ ಕನಿಷ್ಠ 65 ಪ್ರತಿಶತ ಇಳಿದಿರಬೇಕು. ವಾರಕ್ಕೆ ಎರಡೇ ಸಲ ಬರುವವರು ಮೂರನೆಯದರ ಬಗ್ಗೆ ಕೇಳಿ.

ಒಂದೇ ಪಾಳಿಯಲ್ಲಿ ಮೂರು–ನಾಲ್ಕು ಮಂದಿಗೆ ಒಟ್ಟಿಗೇ ಚಳಿಜ್ವರ, ಸುಸ್ತು ಬಂದರೆ ಕಾರಣ ರೋಗಿಯಲ್ಲಿಲ್ಲ. ಆರ್‌ಒ ನೀರು, ಕ್ಲೋರಿನ್, ಕೊಳವೆ ನೋಡಬೇಕು. ಅದು ನಮ್ಮ ಕೆಲಸ. ನಿಮ್ಮ ಕೆಲಸ, ಪಕ್ಕದ ಹಾಸಿಗೆಯವರನ್ನು "ನಿಮಗೂ ಹಿಂಗ ಆಗ್ಯಾದೇನ್ರಿ" ಎಂದು ಕೇಳಿ ನಮಗೆ ತಿಳಿಸುವುದು.

ಒಂದು ನೋಟ್‌ಬುಕ್

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಬಂದಾಗಿನ ತೂಕ, ಹೋಗುವಾಗಿನ ತೂಕ, ತೆಗೆದ ನೀರು, ಎಲ್ಲಕ್ಕಿಂತ ಕಡಿಮೆಯಾದ ಬಿಪಿ, ಸೆಳೆತ ಬಂದ ಹೊತ್ತು, ಮನೆಯಲ್ಲಿ ಎದ್ದು ಓಡಾಡಿದ ಹೊತ್ತು ಬರೆಯಿರಿ. ನಾಲ್ಕು ಡಯಾಲಿಸಿಸ್ ಬರೆದರೆ ದಾರಿ ತಾನಾಗಿ ಕಾಣುತ್ತದೆ. ಬದಲಾವಣೆ ಒಂದೊಂದೇ ಆಗಲಿ. ಡ್ರೈ ವೇಟ್, ಗುಳಿಗೆ, ದ್ರಾವಣದ ಬಿಸಿ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಕಾಕಾನ ಮಗ ಈಗ ಹೀಗೇ ಬರೆಯುತ್ತಾನೆ. ಕಂಬಳಿ ಇಳಿಸಿದ ಮೇಲಿನ ಮೊದಲ ವಾರದ ಪುಟದಲ್ಲಿ ತೂಕದ ಕೆಳಗೆ ಇಷ್ಟಿತ್ತು: "ರಾತ್ರಿ 8ಕ್ಕ ಎದ್ದು ಕುಂತ. ಒಂದ್ ರೊಟ್ಟಿ ಉಂಡ. ಎತ್ತಿಗಿ ಮೇವು ಹಾಕೀರೇನಂತ ಕೇಳ್ದ."